‘ಕೇಜ್’ ಹಾಡಿನ ಹತ್ತನೆಯ ಪ್ರದರ್ಶನ ಮತ್ತು ನನ್ನ ಐದು ನಿಮಿಷ

ಆ ಭಾನುವಾರ ಬೆಳಗ್ಗೆ ಐದೂವರೆಗೆ ನಲ್ಲಿಯಲ್ಲಿ ನೀರು ಬಂತು. ಚಾಂಪಿಯನ್ ರೀಫ್ಸಿನ ನಮ್ಮ ಲೈನಿನಲ್ಲಿ, ಅಂದರೆ ಚಿನ್ನದ ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ನೀರು ಬಂದ ದಿನ ಯಾರೂ ಮೊದಲು ಹಲ್ಲುಜ್ಜುವುದಿಲ್ಲ, ಮೊದಲು ಕೊಡ ತುಂಬುತ್ತಾರೆ. ನಾನೂ ಹನ್ನೊಂದು ಕೊಡ, ಎರಡು ಡ್ರಮ್ಮು, ಹಿಡಿ ಮುರಿದ ಒಂದು ಕುಕ್ಕರ್ ತುಂಬಿಸಿದೆ. ರಾತ್ರಿ ಗಾಳಿಗೆ, ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಬೂದುಮಣ್ಣು ಕಿಟಕಿಯ ಅಂಚಿನಲ್ಲಿ ಬಂದು ಕೂತಿತ್ತು, ಅದನ್ನು ಒರೆಸಿದೆ. ಇಡ್ಲಿ ಇಟ್ಟೆ. ಇಡ್ಲಿ ಬೇಯುವಷ್ಟರಲ್ಲಿ ಕೆನೆಬಣ್ಣದ ಸೀರೆಗೆ ಇಸ್ತ್ರಿ ಹಾಕಿದೆ. ಆಮೇಲೆ ಒಲೆಯ ಮುಂದೆ ನಿಂತು, ಸೌಟನ್ನು ಮೈಕಿನಂತೆ ಹಿಡಿದು, ಮೆಲ್ಲಗೆ ಶುರು ಮಾಡಿದೆ.

“ಮಾನ್ಯರೇ, ಹಿರಿಯರೇ, ಸಂಗೀತಪ್ರಿಯರೇ...”

“ಯಾರ ಜೊತೆ ಮಾತು?” ಅಂತ ನಮ್ಮೆಜಮಾನರು ದಯಾನಂದ ಬಾಗಿಲಲ್ಲಿ ನಿಂತರು. ಬೆರಳ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅವರು ಬಾಸ್ ಗಿಟಾರ್ ನುಡಿಸುವವರು. ವರ್ಷಗಳಿಂದ ಮುಟ್ಟಿರಲಿಲ್ಲ, ಚರ್ಮ ಮೆತ್ತಗಾಗಿಬಿಟ್ಟಿತ್ತು.

“ಪ್ರಾಕ್ಟೀಸು.”

“ಎಷ್ಟು ಪುಟ ಆಯ್ತು?”

“ಚಿಕ್ಕದು ರೀ.”

“ಚಿಕ್ಕದು ಅಂದ್ರೆ?”

“ಐದು ನಿಮಿಷ ಅಂದಿದ್ರಲ್ಲ, ಅಷ್ಟೇ.”

ನಾನು ಸುಳ್ಳು ಹೇಳುವವಳಲ್ಲ. ಬಂಗಾರಪೇಟೆಯ ಕಾನ್ವೆಂಟಿನಲ್ಲಿ ಓದಿದವಳು. ಆದರೆ ಹತ್ತೊಂಬತ್ತು ಪುಟ ಎಂಬ ಸತ್ಯವನ್ನು ಇನ್ನೂ ಇಡ್ಲಿ ತಿನ್ನದ ಮನುಷ್ಯನಿಗೆ ಹೇಳುವುದು ದಯೆಯ ಕೆಲಸವಲ್ಲ!

ವಿಷಯ ಇಷ್ಟು. ನಮ್ಮೆಜಮಾನರು, ಅವರ ಗೆಳೆಯ ಸೆಲ್ವ, ಕ್ಯಾಸಂಬಳ್ಳಿ ಕಡೆಯ ಮುನಿಯಪ್ಪ, ಈ ಮೂವರೂ ಗಣಿ ನಡೆಯುತ್ತಿದ್ದ ಕಾಲದಲ್ಲಿ ಕೆಳಗೆ ಕೆಲಸಕ್ಕಿದ್ದವರು. ಶಿಫ್ಟ್ ಮುಗಿಸಿ ಬಂದು ಒಂದು ಬ್ಯಾಂಡು ಕಟ್ಟಿದ್ದರು. ಸೆಲ್ವ ಗಿಟಾರು, ಮುನಿಯಪ್ಪ ಡ್ರಮ್ಸು. ಇಂಥದ್ದಕ್ಕೆ ಜ್ಯಾಮ್ ಬ್ಯಾಂಡ್ ಅನ್ನುತ್ತಾರಂತೆ. ಹಾಡು ಹೇಗೆ ಶುರುವಾಗುತ್ತದೆ ಎಂಬುದು ಮಾತ್ರ ಇವರಿಗೆ ಗೊತ್ತು. ಎಷ್ಟು ಹೊತ್ತು ನಡೆಯುತ್ತದೆ, ನಡುವೆ ಯಾರು ಎಲ್ಲಿಗೆ ಹೋಗಿ ಬರುತ್ತಾರೆ ಎಂಬುದು ಆ ದಿನದ ಹಣೆಬರಹ.

ಅವರ ದೊಡ್ಡ ಹಾಡು ‘ಕೇಜ್’. ಜನರನ್ನು ಗಣಿಯೊಳಗೆ ಇಳಿಸುವ ಕಬ್ಬಿಣದ ಗೂಡಿಗೆ ಇಲ್ಲಿ ಕೇಜ್ ಅನ್ನುತ್ತಾರೆ. ಹಾಡು ಶುರುವಾಗುವುದು ಒಂದು ಭಾರವಾದ ಸ್ವರದಿಂದ. ಅದು ಒಂದೊಂದು ಲೆವೆಲ್‌ಗೂ ಒಂದೊಂದು ಮೆಟ್ಟಿಲು ಇಳಿಯುತ್ತದೆ. ಮಾತು ಒಂದೇ, “ಇಳಿ!” ಸೆಲ್ವ ಅದನ್ನು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಕೂಗುತ್ತಾನೆ, ಲೈನಿನಲ್ಲಿ ಯಾರಿಗೂ ಬೇಸರವಾಗಬಾರದಲ್ಲ. ತೀರಾ ತಳ ಮುಟ್ಟಿದ ಮೇಲೆ ನಾಲ್ಕು ಏಟು ಹಿಡಿಯುವಷ್ಟು ಮೌನ. ಆಮೇಲೆ “ಏರು!” ಎಂದು ಕೂಗಿ, ಇಳಿದಷ್ಟನ್ನೂ ಹತ್ತಿ ಮೇಲೆ ಬರಬೇಕು.

ಆ “ಏರು” ಎಂಬ ಮಾತನ್ನು ಮೂವತ್ತು ವರ್ಷದಲ್ಲಿ ಒಂದು ಸಲವೂ ವೇದಿಕೆಯ ಮೇಲೆ ಯಾರೂ ಕೇಳಿಲ್ಲ.

ಇದಕ್ಕೆ ನನ್ನಲ್ಲಿ ದಾಖಲೆಯಿದೆ. ಮದುವೆಯಾದ ಹೊಸದರಲ್ಲಿ ನಮ್ಮೆಜಮಾನರು “ಒಂಬತ್ತಕ್ಕೆ ಬರ್ತೀನಿ” ಎಂದು ಹೋಗಿ ಹನ್ನೆರಡಕ್ಕೆ ಬರುತ್ತಿದ್ದರು. ಕೇಳಿದರೆ “ಹಾಡು ಉದ್ದ ಆಯ್ತು” ಅನ್ನುತ್ತಿದ್ದರು. ಪರೀಕ್ಷಿಸಲು ನಾನು ಕಂದು ಕಾಗದದ ಹೊದಿಕೆಯ ಒಂದು ನೋಟ್‌ಬುಕ್ ಇಟ್ಟೆ. ಸ್ಥಳ, ಶುರುವಾದ ಸಮಯ, ನಿಂತ ಸಮಯ, ನಿಂತ ಕಾರಣ. ಹೀಗೆ ಒಬ್ಬ ಹೆಂಡತಿಯ ಅನುಮಾನ ಒಂದು ಹಾಡಿನ ಚರಿತ್ರೆಯಾಯಿತು.

ಈ ವರ್ಷ ಸೆಲ್ವನ ಎದೆ ಕೆಟ್ಟಿತು. ಕೆಳಗಿನ ಕಲ್ಲುಧೂಳು ಇಪ್ಪತ್ತೈದು ವರ್ಷ ಸುಮ್ಮನಿದ್ದು ಈಗ ತನ್ನ ಕೆಲಸ ಶುರು ಮಾಡಿದೆ. ಮನೆಯಲ್ಲಿ ದಿನವಿಡೀ ಆಕ್ಸಿಜನ್ ಮೆಷಿನ್ನು, ಮೂಗಿಗೆ ನಳಿಗೆ. ಅವನ ಹೆಂಡತಿ ರಾಣಿ ಒಂದು ದಿನ ನಮ್ಮ ಅಡುಗೆಮನೆಯಲ್ಲಿ ನಿಂತು ಹೇಳಿದಳು. “ಡಾಕ್ಟ್ರು ಎಲ್ಲಾ ಮಾತಾಡಿದ್ರು ಅಕ್ಕಾ. ಊಟ, ಮಾತ್ರೆ, ಮಲಗೋದು. ದೀಪಾವಳಿ ತನಕ ಅಂತ ಬಾಯಿ ತೆಗೆದ್ರೆ ಮಾತ್ರ ಫೈಲ್ ನೋಡ್ತಾರೆ.”

ಸೆಲ್ವನಿಗೆ ಒಂದೇ ಆಸೆ. “ಇಳ್ದಿದ್ದು ಸಾಕಾಗಿದೆ ಅಕ್ಕಾ. ಒಂದ್ ಸಲ ಏರ್ಬೇಕು. ಜನ ಕೂತಿರ್ಬೇಕು, ನಾನು ಏರ್ಬೇಕು. ಅಷ್ಟೇ.”

ಗಣಿಯವರ ಕ್ಲಬ್ಬಾಗಿದ್ದ ಹಳೆಯ ಇನ್‌ಸ್ಟಿಟ್ಯೂಟ್ ಹಾಲ್ ಸಿಕ್ಕಿತು. ಭಾನುವಾರ ಹನ್ನೊಂದು ಗಂಟೆ. ಚರ್ಚಿನವರಿಂದ ಡ್ರಮ್ಸು ಬಂತು. ಹಾಡಿಗೆ ಮುಂಚೆ ಅದರ ಚರಿತ್ರೆಯನ್ನು ಯಾರಾದರೂ ನಾಲ್ಕು ಮಾತಿನಲ್ಲಿ ಹೇಳಬೇಕು ಎಂದಾಗ ಮೂವರೂ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿ, ಬೇಡ ಬೇಡ ಎಂದು, ಆ ಸಂಜೆಯೇ ಬರೆಯಲು ಕುಳಿತೆ!

ಮನೆಯ ಮೆಷಿನ್ನು ಕರೆಂಟಿನದು, ಸಾಗಿಸಲಾಗದು. ಹೊರಗೆ ಹೋಗಲು ಒಂದು ಸಣ್ಣ ಸಿಲಿಂಡರ್ ಇತ್ತು. ಎರಡನೆಯದು ತುಂಬಿಸಲು ಕೋಲಾರಕ್ಕೆ ಹೋಗಿತ್ತು, ಸಂಜೆಗೆ ಬರುವುದು. ಸಿಲಿಂಡರಿನ ತಿರುಗಣೆ ಎರಡರಲ್ಲಿದ್ದರೆ ಎರಡು ಗಂಟೆ ಬರುತ್ತದೆ, ಹೆಚ್ಚು ತಿರುಗಿಸಿದಷ್ಟೂ ಬೇಗ ಖಾಲಿ ಎಂದು ಅಂಗಡಿಯವರು ಹೇಳಿದ್ದರು. ಹೋಗಲು ಕಾಲು ಗಂಟೆ, ಕುಳಿತು ಸುಧಾರಿಸಿಕೊಳ್ಳಲು ಹತ್ತು ನಿಮಿಷ, ನನ್ನ ಮಾತು ಐದು, ಹಾಡು ನಲವತ್ತು, ವಾಪಸ್ಸು ಕಾಲು ಗಂಟೆ. ಇನ್ನೂ ಮೂವತ್ತೈದು ನಿಮಿಷ ಮಿಗುತ್ತದೆ. ಇದನ್ನು ದುಂಡಗೆ ಬರೆದು ಸಿಲಿಂಡರಿಗೆ ಅಂಟಿಸಿದವರು ಯಾರು? ನಾನೇ!

ಹಾಲಿನಲ್ಲಿ ಎಪ್ಪತ್ತು ಜನ ಸೇರಿದ್ದರು. ಹೆಚ್ಚಿನವರು ವಯಸ್ಸಾದವರು. ಮಾಡಿನ ಶೀಟಿನ ಕೆಳಗೆ ಪಾರಿವಾಳ ಓಡಾಡುತ್ತಿದ್ದವು. ಸೆಲ್ವ ಬಿಳಿ ಅಂಗಿ ಹಾಕಿಕೊಂಡು, ವೇದಿಕೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅಂಗಿಯ ಕಾಲರ್ ಎರಡು ಬೆರಳಷ್ಟು ಸಡಿಲವಾಗಿತ್ತು. ಪಕ್ಕದಲ್ಲಿ ರಾಣಿ, ಅವಳ ಕಾಲ ಬಳಿ ಸಿಲಿಂಡರು.

ಮುನಿಯಪ್ಪ ಹಸುಗಳ ಹಾಲು ಕರೆದು, ಡೇರಿಗೆ ಹಾಕಿ, ಟಿ.ವಿ.ಎಸ್ ಹತ್ತಿ ನೇರ ಬಂದಿದ್ದ. ನನ್ನ ಕೈಯ ನೋಟ್‌ಬುಕ್ಕಿನ ದಪ್ಪ ನೋಡಿದ. “ಅಕ್ಕೋ, ಇದೆಲ್ಲಾ ಓದ್ತೀಯಾ?”

“ಮುಖ್ಯವಾದದ್ದು ಮಾತ್ರ ಮುನಿಯಪ್ಪ.”

“ಮುಖ್ಯವಾದ್ದೇ ಅಷ್ಟದಾ? ಸಾಯಂಕಾಲ ಆಲು ಕರಿಯಾಕೆ ಓಗ್ಬೇಕು ಕಣಕ್ಕಾ ನಾನು.”

ನಾನು ನಕ್ಕು ಮೈಕಿನ ಮುಂದೆ ನಿಂತೆ.

ಸ್ವಾಗತಕ್ಕೆ ನಾಲ್ಕು ನಿಮಿಷ ಆಯಿತು. ಅಲ್ಲಿಗೆ ನನ್ನ ಪಾಲಿನಲ್ಲಿ ಉಳಿದದ್ದು ಒಂದು ನಿಮಿಷ. ಆಗ ಮೊದಲನೆಯ ಪ್ರದರ್ಶನಕ್ಕೆ ಬಂದೆ. ಅದು ನಡೆದದ್ದು ಇದೇ ಹಾಲಿನಲ್ಲಿ. ಒಳಗೆ ಬಂದವರೆಲ್ಲ ಆಗ ರಿಜಿಸ್ಟರಿನಲ್ಲಿ ಹೆಸರು, ಕೆಲಸ ಬರೆಯಬೇಕಿತ್ತಂತೆ. ಆ ದಿನದ ಹಾಳೆಗಳನ್ನು ಸೆಲ್ವ ನೆನಪಿಗೆಂದು ತೆಗೆದಿಟ್ಟುಕೊಂಡಿದ್ದ. ಅರವತ್ತಮೂರು ಹೆಸರು. ಈ ಹಾಡನ್ನು ಜಗತ್ತಿನಲ್ಲಿ ಮೊಟ್ಟಮೊದಲು ಕೇಳಿದವರು! ಅವರನ್ನು ಸ್ಮರಿಸದೆ ಚರಿತ್ರೆ ಹೇಗಾಗುತ್ತದೆ?

“ಚಿನ್ನಪ್ಪ, ಟಿಂಬರ್‌ಮನ್,” ಎಂದು ಓದಿದೆ.

ಎರಡನೆಯ ಸಾಲಿನಲ್ಲಿ ನಮ್ಮ ಪಕ್ಕದ ಮನೆಯ ಕನಕಮ್ಮ ಎದ್ದು ನಿಂತರು.

“ಆರೋಗ್ಯಸ್ವಾಮಿ, ಡ್ರಿಲ್ಲರ್. ನಾರಾಯಣಪ್ಪ, ಟ್ರಾಮರ್. ಗೋವಿಂದನ್, ಬ್ಲಾಸ್ಟರ್...”

ಅಲ್ಲೊಬ್ಬರು ಎದ್ದರು, ಇಲ್ಲೊಬ್ಬರು ಎದ್ದರು. ಹತ್ತನೆಯ ಹೆಸರಿಗೆ ಇಡೀ ಹಾಲ್ ಎದ್ದು ನಿಂತಿತ್ತು! ಮುನಿಯಪ್ಪ ತಲೆಯ ಟವೆಲ್ ತೆಗೆದು ಕಂಕುಳಲ್ಲಿಟ್ಟುಕೊಂಡ. ಸೆಲ್ವನೂ ಕುರ್ಚಿಯ ಹಿಡಿ ಹಿಡಿದು, ಗಿಟಾರಿನೊಂದಿಗೆ ಮೆಲ್ಲಗೆ ಎದ್ದ.

ನನ್ನ ಕಣ್ಣು ತುಂಬಿತು. ಸಭೆ ಎದ್ದು ನಿಲ್ಲುವುದು ಭಾಷಣಕಾರರಿಗೆ ಸಿಗುವ ಅತ್ಯುನ್ನತ ಗೌರವ ಎಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಆಗ ಗಾಬರಿಯಾಗಿ ಅವಸರಿಸಬಾರದು. ವಿನಯದಿಂದ, ಇನ್ನೂ ನಿಧಾನವಾಗಿ, ಸ್ಪಷ್ಟವಾಗಿ ಓದಬೇಕು. ಓದಿದೆ. ಅರವತ್ತಮೂರನ್ನೂ ಓದಿದೆ. ಎರಡು ಹೆಸರು ಅಳಿಸಿದಂತಿದ್ದವು, ಅವನ್ನು ಕನ್ನಡಕ ಒರೆಸಿಕೊಂಡು ಓದಿದೆ.

ಜನ ಕೂರಲಿಲ್ಲ. ಇಷ್ಟೊಂದು ಅಭಿಮಾನವೇ! ಪುಟ ತಿರುಗಿಸಿ ಮುಂದುವರಿಸಿದೆ.

ಮೊದಲನೆಯ ಪ್ರದರ್ಶನ ಆರು ನಿಮಿಷ. ನಿಂತ ಕಾರಣ: ಶಿಫ್ಟಿನ ಸೈರನ್ ಕೂಗಿ ಅರ್ಧ ಸಭೆ ಕೆಲಸಕ್ಕೆ ಎದ್ದುಹೋದದ್ದು. ಎರಡನೆಯದು ಬಂಗಾರಪೇಟೆಯಲ್ಲಿ, ನನ್ನದೇ ಮದುವೆಯ ಆರತಕ್ಷತೆ. ಮದುಮಗ ನನ್ನ ಪಕ್ಕದಿಂದ ಎದ್ದುಹೋಗಿ ಹಾರದ ಸಮೇತ ಬಾಸ್ ನುಡಿಸಿದರು. ಹನ್ನೊಂದು ನಿಮಿಷ. ನಿಂತ ಕಾರಣ: ಜನರೇಟರ್ ಕೆಟ್ಟು ಈ ಸದ್ದು ಬರುತ್ತಿದೆ ಎಂದು ತಿಳಿದ ನಮ್ಮ ಚಿಕ್ಕಪ್ಪ ಅದನ್ನೇ ಆರಿಸಿದ್ದು. ಮೂರನೆಯದು ಮುನಿಯಪ್ಪನ ನೆಂಟರ ಗೃಹಪ್ರವೇಶ. ನಿಂತ ಕಾರಣ: ನಾಲ್ಕು ಹಸು ಹಗ್ಗ ಕಿತ್ತುಕೊಂಡು ಪೆಂಡಾಲಿಗೆ ನುಗ್ಗಿದ್ದು.

ಹಸುಗಳ ಪ್ರಸಂಗಕ್ಕೆ ಯಾರೂ ನಗಲಿಲ್ಲ. ಎಲ್ಲರೂ ಕೈಕಟ್ಟಿ, ನೆಲ ನೋಡುತ್ತ ನಿಂತಿದ್ದರು. ಬೇತಮಂಗಲದ ಕೆರೆ ಏರಿಯ ಮೇಲೆ ಹಾಡು ಮೂವತ್ತೆಂಟು ನಿಮಿಷ ಇಳಿದು, ತಳ ಮುಟ್ಟಿ, ಇನ್ನೇನು ಏರಬೇಕು ಎನ್ನುವಾಗ ಆಲದ ಮರದ ಹೆಜ್ಜೇನು ಎದ್ದು, ಬ್ಯಾಂಡಿನವರು ಗಿಟಾರಿನ ಸಮೇತ ನೀರಿಗೆ ಬಿದ್ದದ್ದನ್ನು ಅಭಿನಯಿಸಿಯೇ ತೋರಿಸಿದೆ. ಒಬ್ಬರೂ ನಗಲಿಲ್ಲ! ಒಬ್ಬ ಅಜ್ಜ ಕಣ್ಣೊರೆಸಿಕೊಂಡರು. ಕನ್ನಡ ಅರ್ಥವಾಗದವರು ಇರಬೇಕು ಎಂದುಕೊಂಡು ಹೆಜ್ಜೇನನ್ನು ತಮಿಳಿನಲ್ಲಿ ಇನ್ನೊಮ್ಮೆ ಹೇಳಿದೆ.

ನಾನು ಸಣ್ಣ ಸಣ್ಣ ವಿಷಯವನ್ನೂ ಗಮನಿಸುವವಳು ಎಂಬ ಹೆಮ್ಮೆ ನನಗಿದೆ. ಅವತ್ತೂ ಎಲ್ಲವನ್ನೂ ಗಮನಿಸಿದೆ. ಕನಕಮ್ಮ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ್ದು. ನಮ್ಮೆಜಮಾನರು ಎರಡು ಅಂಗೈಗಳನ್ನು ಪುಸ್ತಕದಂತೆ ಜೋಡಿಸಿ ಮುಚ್ಚಿ ಮುಚ್ಚಿ ತೋರಿಸಿದ್ದು. ಸೆಲ್ವನ ಉಗುರು ನೇರಳೆ ಬಣ್ಣಕ್ಕೆ ತಿರುಗಿದ್ದು. ರಾಣಿ ಬಗ್ಗಿ ತಿರುಗಣೆಯನ್ನು ಎರಡರಿಂದ ಮೂರಕ್ಕೆ, ಸ್ವಲ್ಪ ಹೊತ್ತಿಗೆ ನಾಲ್ಕಕ್ಕೆ ತಿರುಗಿಸಿದ್ದು. ಎಲ್ಲವನ್ನೂ ನೋಡಿದೆ. ಒಂದರ ಅರ್ಥವೂ ಹೊಳೆಯಲಿಲ್ಲ. ನಮ್ಮೆಜಮಾನರ ಅಂಗೈಗಳನ್ನು ನೋಡಿ, ಪಾಪ, ಚಪ್ಪಾಳೆ ತಟ್ಟುತ್ತಿದ್ದಾರೆ ಎಂದುಕೊಂಡೆ!

ಎಂಟನೆಯ ಪ್ರದರ್ಶನ ಗಣಿ ಮುಚ್ಚಿದ ವಾರದ್ದು. ಮೂರು ನಿಮಿಷ. ಅವತ್ತು ಯಾರೂ ತಡೆಯಲಿಲ್ಲ, ಸೆಲ್ವನೇ ನಿಲ್ಲಿಸಿದ. ಕಾರಣದ ಜಾಗದಲ್ಲಿ ನಾನು ಏನೂ ಬರೆದಿರಲಿಲ್ಲ. ಭಾಷಣದಲ್ಲಿ ಅದಕ್ಕೆ ಎರಡು ಪುಟ ಸೇರಿಸಿದ್ದೆ.

ಕೊನೆಗೆ ವಂದನಾರ್ಪಣೆ ಮಾಡಿ ನೋಟ್‌ಬುಕ್ ಮುಚ್ಚಿದೆ. ಮುಚ್ಚಿದ ಕ್ಷಣವೇ ಎಪ್ಪತ್ತು ಜನರೂ ಒಟ್ಟಿಗೆ ದೊಪ್ಪನೆ ಕೂತರು. ಗೋಡೆ ಗಡಿಯಾರ ನೋಡಿದೆ. ನಲವತ್ತೇಳು ನಿಮಿಷ.

ಹಾಡು ಶುರುವಾಯಿತು.

ಈ ಹಾಡನ್ನು ನಾನು ಎಂದೂ ಇಷ್ಟಪಟ್ಟವಳಲ್ಲ, ನೋಟ್‌ಬುಕ್ಕಿಗಾಗಿ ಕೇಳುತ್ತಿದ್ದೆ. ಅವತ್ತು ಬೇರೆಯಾಗಿತ್ತು. ಸೆಲ್ವ ಕೂತೇ ನುಡಿಸಿದ. ಮೊದಲ ಸ್ವರಕ್ಕೆ ಕಿಟಕಿಯ ಸರಳು ಗುಂಯ್‌ಗುಟ್ಟಿ ಪಾರಿವಾಳಗಳೆಲ್ಲ ಹೊರಗೆ ಹಾರಿದವು. ಮುನಿಯಪ್ಪ ಗಟ್ಟಿಯಾಗಿ ಬಾರಿಸಲಿಲ್ಲ. ಸೆಲ್ವನ ಉಸಿರು ನೋಡಿಕೊಂಡು, ಅದು ಬಂದಾಗ ಒಂದು ಏಟು, ಬರದಿದ್ದಾಗ ಕಾಯುವುದು. ನಮ್ಮೆಜಮಾನರ ಬೆರಳಲ್ಲಿ ರಕ್ತ ಜಿನುಗಿತ್ತು. “ಇಳಿ” ಎಂದು ಸೆಲ್ವ ಕೂಗಲಿಲ್ಲ, ಹೇಳಿದ. ಹಾಲಿನಲ್ಲಿದ್ದ ಮುದುಕರ ತಲೆಗಳು ಒಂದೊಂದು ಮೆಟ್ಟಿಲಿಗೂ ಒಂದಿಷ್ಟು ಬಗ್ಗಿದವು, ಇಳಿಯುವಾಗಿನ ಗಾಳಿ ಅವರ ಕಿವಿಗೆ ಬಡಿಯುತ್ತಿರುವಂತೆ. ಇಪ್ಪತ್ತೆರಡು ನಿಮಿಷಕ್ಕೆ ತಳ ಮುಟ್ಟಿತು.

ಮೌನ. ಮುನಿಯಪ್ಪನ ಕೋಲು ಮೇಲೆದ್ದಿತ್ತು.

ಒಂದು. ಎರಡು. ಮೂರು.

“ಸಿಲಿಂಡರ್ ಮುಳ್ಳು ಕೆಂಪಿಗೆ ಬಂತು,” ಅಂದಳು ರಾಣಿ. ಮೆಲ್ಲಗೇ ಅಂದಳು, ಆದರೆ ಅದು ಮೌನದ ಹೊತ್ತು, ಇಡೀ ಹಾಲಿಗೆ ಕೇಳಿತು. ಎದ್ದು ಬಂದು, ಶಾಲೆಯಿಂದ ಬಂದ ಮಗುವಿನ ಬ್ಯಾಗು ತೆಗೆಯುವಂತೆ ಗಿಟಾರಿನ ಪಟ್ಟಿಯನ್ನು ಅವನ ಕತ್ತಿನಿಂದ ತೆಗೆದಳು. ಅವನು ಬೇಡ ಅನ್ನಲಿಲ್ಲ. ಬಾಯಿ ಮಾತ್ರ ತೆರೆದೇ ಇತ್ತು. ಅದರಲ್ಲಿದ್ದದ್ದು “ಏರು” ಎಂಬ ಮಾತೋ ಬರೀ ಉಸಿರೋ, ಹತ್ತಿರ ನಿಂತಿದ್ದ ನನಗೂ ಗೊತ್ತಾಗಲಿಲ್ಲ.

ಮುನಿಯಪ್ಪನೇ ಅವನನ್ನು ಎತ್ತಿಕೊಂಡು ಆಟೋದಲ್ಲಿ ಕೂರಿಸಿದ. ನಾನು ಚಪ್ಪಲಿ ಇಲ್ಲದೆ ಹಿಂದೆ ಓಡಿದೆ.

“ಸೆಲ್ವಾ, ಐದೇ ನಿಮಿಷ ಅಂದುಕೊಂಡಿದ್ದೆ ಕಣೋ...”

ಅವನು ನಳಿಗೆಯನ್ನು ಸರಿಮಾಡಿಕೊಂಡು ನಕ್ಕ. ನಗುವಿಗೂ ಅವನು ಈಗ ಉಸಿರು ಉಳಿಸಿಡಬೇಕು. “ಹೆಜ್ಜೇನು ಒಂದ್ ಸಲ... ಹಸು ಒಂದ್ ಸಲ...” ಎಂದು ತಡೆದು ತಡೆದು ಹೇಳಿದ. “ಈ ಸಲ ನೀವಾ ಅಕ್ಕಾ?”

ರಾಣಿ ನನ್ನ ಮುಖ ನೋಡಲಿಲ್ಲ. “ಬೇಗ ಹೋಗಪ್ಪಾ,” ಎಂದು ಆಟೋದವನಿಗೆ ಹೇಳಿದಳು.

ಮನೆಯವರೆಗೂ ನಾವಿಬ್ಬರೂ ನಡೆದೇ ಬಂದೆವು. ಅರ್ಧ ದಾರಿಯಲ್ಲಿ ನಾನು ಅಂದೆ. “ಆದರೂ ರೀ, ಜನ ಅಷ್ಟು ಹೊತ್ತು ಎದ್ದು ನಿಂತು ಕೇಳಿದರಲ್ಲ...”

ನಮ್ಮೆಜಮಾನರು ನಿಂತರು. “ಯಾಕೆ ನಿಂತಿದ್ರು ಅಂತ ನಿಜವಾಗ್ಲೂ ಗೊತ್ತಿಲ್ವಾ?”

“ಗೌರವಕ್ಕೆ.”

“ಆ ಅರವತ್ತಮೂರರಲ್ಲಿ ಇವತ್ತು ಬದುಕಿರೋರು ಎಷ್ಟು ಜನ ಹೇಳು.”

ನಾನು ಮನಸ್ಸಿನಲ್ಲೇ ಹೆಸರುಗಳ ಮೇಲೆ ಬೆರಳಾಡಿಸಿದೆ. ಬೆರಳು ಎಲ್ಲಿಯೂ ನಿಲ್ಲಲಿಲ್ಲ.

“ಗಣಿ ಬಾಯಿ, ಆ ಶಾಫ್ಟ್ ಹತ್ರ ವರ್ಷಕ್ಕೊಂದು ಸಲ ಸತ್ತೋರ ಹೆಸರು ಓದ್ತಾರಲ್ಲ. ಓದೋರು ಕಾಗದ ಮಡಿಚೋ ತನಕ ಯಾರೂ ಕೂರಲ್ಲ, ಮಾತಾಡಲ್ಲ, ಅಡ್ಡ ಬರಲ್ಲ. ಮೂವತ್ತು ವರ್ಷದಿಂದ ನೀನೂ ಬರ್ತಿದ್ದೀಯ. ಹೆಸರು ಓದಿದ್ದಾದ ಮೇಲೆ ಪುಸ್ತಕ ಮುಚ್ಚೇ ಮುಚ್ಚೇ ಅಂತ ನಾನು ಕೈ ಮಾಡ್ತಾನೇ ಇದ್ದೆ. ನೀನು ಪುಟ ತಿರುಗಿಸ್ದೆ!”

“ನೀವಾದರೂ ಬಂದು ಕಿವಿಯಲ್ಲಿ ಹೇಳಬಾರದಿತ್ತಾ?”

“ಹೆಂಗೆ ಬರ್ಲಿ? ನಮ್ಮಪ್ಪನ ಹೆಸರೂ ಅದ್ರಲ್ಲಿತ್ತು.”

ಹಾಗಾದರೆ ಆ ಜನ ಸತ್ತವರ ಗೌರವಕ್ಕೆಂದು ನಿಂತುಕೊಂಡು, ನನ್ನ ಹಸು, ನನ್ನ ಚಿಕ್ಕಪ್ಪ, ಎರಡು ಭಾಷೆಯ ಹೆಜ್ಜೇನು, ಎಲ್ಲವನ್ನೂ ಶ್ರದ್ಧಾಂಜಲಿಯ ಭಾಗವೆಂದೇ ಸಹಿಸಿಕೊಂಡಿದ್ದರು. ಕೂರಬೇಕಾದ ರೋಗಿಯೂ ನಿಂತಿದ್ದ. ಸೆಲ್ವನ ಅಪ್ಪನ ಹೆಸರು ನಲವತ್ತೊಂದನೆಯದು. ಅದನ್ನು ನಾನು ಎರಡು ಸಲ ಓದಿದ್ದೆ, ಮೊದಲ ಸಲ ಉಚ್ಚಾರ ಸರಿಬರಲಿಲ್ಲವೆಂದು!

ಮಧ್ಯಾಹ್ನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಮ್ಮೆಜಮಾನರು ಬೆರಳಿಗೆ ಅರಿಸಿನ ಹಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ನಾನು ಹತ್ತನೆಯ ಪ್ರದರ್ಶನದ ವಿವರ ಬರೆದೆ. ಸ್ಥಳ ಬರೆದೆ, ಸಮಯ ಬರೆದೆ. ನಿಂತ ಕಾರಣ ಎಂಬಲ್ಲಿಗೆ ಬಂದಾಗ ಬಹಳ ಹೊತ್ತು ಯೋಚಿಸಿ, ಕಾನ್ವೆಂಟಿನ ದುಂಡನೆಯ ಅಕ್ಷರದಲ್ಲಿ ‘ಚರಿತ್ರೆ’ ಎಂದು ಬರೆದೆ.

ನಾಲ್ಕು ಗಂಟೆಗೆ ರಾಣಿಯ ಫೋನ್ ಬಂತು. ಮೆಷಿನ್ನಿಗೆ ಹಾಕಿದ್ದಾರೆ, ನಿದ್ದೆ ಮಾಡುತ್ತಿದ್ದಾನೆ. ಡಾಕ್ಟರು ಬಂದು ನೋಡಿ ಹೋದರು. ಇನ್ನು ಗಿಟಾರು ಮುಟ್ಟಬಾರದು, ಎದ್ದು ಕೂರುವುದೂ ಕೇಳಿಕೊಂಡೇ. “ಗಿಟಾರು ಮಂಚದ ಕೆಳಗೆ ಇಟ್ಟಿದೀನಿ,” ಅಂದಳು. ಕ್ಷಮಿಸು ಎಂಬ ಮಾತನ್ನು ನಾನು ಯಾವ ರೀತಿಯಲ್ಲಿ ಶುರು ಮಾಡಬೇಕು ಎಂದು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಫೋನ್ ಇಟ್ಟಾಗಿತ್ತು. ಅಲ್ಲೂ ನನ್ನ ಪೀಠಿಕೆ ಉದ್ದವಾಯಿತು!

ಸಂಜೆ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದೆ. ಪಕ್ಕದ ಮೆಟ್ಟಿಲಲ್ಲಿ ಕನಕಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಅವರ ಮೊಣಕಾಲಿಗೆ ನೋವಿನ ಎಣ್ಣೆ ಹಚ್ಚಿದ್ದ ವಾಸನೆ ನನ್ನವರೆಗೂ ಬರುತ್ತಿತ್ತು.

“ಕ್ಷಮಿಸಿ ಕನಕಮ್ಮ, ನಿಮ್ಮನ್ನ ಅಷ್ಟು ಹೊತ್ತು ನಿಲ್ಲಿಸಿಬಿಟ್ಟೆ,” ಅಂದೆ.

“ಅಯ್ಯೋ ಬುಡಮ್ಮ,” ಅಂದರು ಅವರು, ಕಾಯಿಯಿಂದ ಕಣ್ಣೆತ್ತದೆ. “ನಮ್ಮೆಜಮಾನ್ರ ಎಸ್ರು ಮೈಕ್ನಾಗೆ ಎಷ್ಟು ಚೆಂದಾಗ್ ಏಳ್ದೆ! ಸೆಲ್ವುಂದ್ ಎಸ್ರು ಸೇರ್ದಾಗ್ಲೂ ನೀನೇ ಓದು. ಅವತ್ತು ಮಾತ್ರ ಒಸಿ ಬಿರ್ನೆ ಮುಗ್ಸವ್ವ, ಶಾಫ್ಟ್ ತಾವ ಒಂದ್ ಮರದ್ ನೆಳ್ಳೂ ಇಲ್ಲ.”